‘ಇತರೆ ವಿಷಯ’ದಲ್ಲಿ ಪಾಸಾದ ಉಯ್ಯಾಲೆ: ಇಂಗ್ಲೆಂಡಿನ ಪ್ಯಾರಿಷ್ ಕೌನ್ಸಿಲ್ ಸಭೆಯಲ್ಲಿ ಯಾವುದು ಕಾನೂನು, ಯಾವುದು ರೂಢಿ?

ಪ್ರಶ್ನೆ: ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಪಾಸ್‌ಪೋರ್ಟ್ ಭಾರತದ್ದೇ, ಇಲ್ಲಿ ಕಾಯಂ ವಾಸದ ಪರವಾನಗಿ ಇದೆ. ಇಲ್ಲಿನ ಪ್ಯಾರಿಷ್ ಕೌನ್ಸಿಲ್‌ನಲ್ಲಿ ತೆರವಾಗಿದ್ದ ಸ್ಥಾನಕ್ಕೆ ನನ್ನನ್ನು ಕೋ-ಆಪ್ಟ್ ಮಾಡಿಕೊಂಡಿದ್ದಾರೆ, ಅಂದರೆ ಚುನಾವಣೆಯಿಲ್ಲದೆ ಕೌನ್ಸಿಲ್ಲೇ ಆರಿಸಿಕೊಂಡಿದೆ. ಒಟ್ಟು ಒಂಬತ್ತು ಸದಸ್ಯರು. ಹೋದ ಸಭೆಯ ಕೊನೆಯಲ್ಲಿ ‘ಇತರೆ ವಿಷಯ’ ಎಂದು ಹೇಳಿ ಆಟದ ಮೈದಾನದ ಉಯ್ಯಾಲೆ ಬದಲಿಸಲು 4,200 ಪೌಂಡ್ ಮಂಜೂರು ಮಾಡಿದರು. ಕಾರ್ಯಸೂಚಿಯಲ್ಲಿ ಉಯ್ಯಾಲೆಯ ಸುದ್ದಿಯೇ ಇರಲಿಲ್ಲ. ಆರು ಜನ ಇದ್ದೆವು. ಮತ 3–3 ಆದಾಗ ಅಧ್ಯಕ್ಷರು ಎರಡನೇ ಸಲ ಮತ ಹಾಕಿ ಪಾಸು ಮಾಡಿದರು. ಆಕ್ಷೇಪ ಎತ್ತಿದ್ದಕ್ಕೆ, ‘ವಾಟ್ಸ್ಆ್ಯಪ್ ಗುಂಪಿನಲ್ಲಿ ಆಗಲೇ ಎಲ್ಲರೂ ಒಪ್ಪಿದ್ದಾರೆ, ಇನ್ನು ಆರು ತಿಂಗಳು ಇದನ್ನು ಎತ್ತುವಂತಿಲ್ಲ, ಸ್ಟ್ಯಾಂಡಿಂಗ್ ಆರ್ಡರ್ಸ್ ಓದಿಕೊಳ್ಳಿ’ ಎಂದರು. ಸಭೆ ನಡೆಸುವ ಆ ನಿಯಮಾವಳಿಯನ್ನು ಓದಿದೆ, ಮೂವತ್ತು ಪುಟ, ತಲೆಬುಡ ಹತ್ತಲಿಲ್ಲ. ಮುಂದಿನ ಸಭೆಯಲ್ಲಿ ನಾನು ಏನು ಮಾಡಬಹುದು? ಇನ್ನೊಂದು: ತಾಯಿಯ ಆರೈಕೆಗೆ ಕೆಲವು ತಿಂಗಳು ಮೈಸೂರಿನಲ್ಲಿ ಇರಬೇಕಾಗಿದೆ. ಸದಸ್ಯತ್ವಕ್ಕೆ ತೊಂದರೆಯಾದೀತೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಉಯ್ಯಾಲೆಯ ನಿರ್ಣಯ ಕಾನೂನಿನಲ್ಲಿ ನಿಲ್ಲುವಂಥದ್ದಲ್ಲ. ಅಧ್ಯಕ್ಷರ ಎರಡನೇ ಮತ ಮಾತ್ರ ಸರಿಯಾಗಿಯೇ ಇದೆ. ಅದರ ಮೇಲೆ ಜಗಳ ಹೂಡಬೇಡಿ, ಸೋಲುತ್ತೀರಿ. ವಾಟ್ಸ್ಆ್ಯಪ್ ಒಪ್ಪಿಗೆಗೆ ಮೂರು ಕಾಸಿನ ಬೆಲೆಯಿಲ್ಲ. ಆರು ತಿಂಗಳ ನಿಯಮ ನಿಮ್ಮ ಪುಸ್ತಕದಲ್ಲಿ ಇರುವುದು ನಿಜವೇ ಆಗಿರಬಹುದು, ಆದರೆ ಅದು ನಿಮ್ಮ ಅಧ್ಯಕ್ಷರು ತಿಳಿದಿರುವ ಹಾಗೆ ಕೆಲಸ ಮಾಡುವುದಿಲ್ಲ. ಮುಂದಿನದು ಇಂಗ್ಲೆಂಡಿಗೆ ಮಾತ್ರ ಅನ್ವಯ. ವೇಲ್ಸ್‌ನಲ್ಲಿ ಇವಕ್ಕೆ ಕಮ್ಯುನಿಟಿ ಕೌನ್ಸಿಲ್ ಎಂದು ಹೆಸರು, ಅಲ್ಲಿನ ಕಾನೂನು ಬೇರೆ ದಾರಿ ಹಿಡಿದಿದೆ.

‘ಪ್ಯಾರಿಷ್’ ಎಂದಾಗ ಊರಿನ ಕಡೆಯವರು ಚರ್ಚ್ ಆಡಳಿತವೇ ಎಂದು ಕೇಳುತ್ತಾರೆ. ಅಲ್ಲ. ಚರ್ಚಿನದು ಬೇರೆಯದೇ ಒಂದು ಮಂಡಳಿ. 1894ರ ಲೋಕಲ್ ಗವರ್ನಮೆಂಟ್ ಆ್ಯಕ್ಟ್ ಹಳ್ಳಿಯ ಲೌಕಿಕ ವ್ಯವಹಾರವನ್ನು ಚರ್ಚಿನಿಂದ ಬಿಡಿಸಿ ಚುನಾಯಿತ ಕೌನ್ಸಿಲ್‌ಗೆ ಕೊಟ್ಟಿತು. ಅಧಿಕಾರ ಕಡಿಮೆ, ಆಟದ ಮೈದಾನ, ಸ್ಮಶಾನ, ಬಸ್ ತಂಗುದಾಣ, ಬೀದಿದೀಪದ ಮಟ್ಟದ್ದು. ಆದರೆ ಮನೆ ಮನೆಯ ಕೌನ್ಸಿಲ್ ಟ್ಯಾಕ್ಸ್ ಮೂಲಕ ‘ಪ್ರಿಸೆಪ್ಟ್’ ಎಂಬ ಪಾಲು ವಸೂಲಾಗಿ ಬರುತ್ತದೆ. ತೆರಿಗೆಯ ದುಡ್ಡು ಖರ್ಚಾಗುವ ಕಡೆ ಸಭೆ ಹೇಗೆ ನಡೆಯಿತು ಎಂಬುದು ಬರೀ ಶಿಷ್ಟಾಚಾರದ ಮಾತಲ್ಲ.

ಈಗ ಆ ಮೂವತ್ತು ಪುಟ. ಬಹುಪಾಲು ಕೌನ್ಸಿಲ್‌ಗಳು ರಾಷ್ಟ್ರೀಯ ಸ್ಥಳೀಯ ಕೌನ್ಸಿಲ್‌ಗಳ ಸಂಘ (NALC) ಸಿದ್ಧಪಡಿಸಿದ ಮಾದರಿಯನ್ನೇ ಇಟ್ಟುಕೊಂಡು ಅಲ್ಲಿ ಇಲ್ಲಿ ತಿದ್ದಿರುತ್ತವೆ. ಆ ಮಾದರಿಯಲ್ಲಿ ಒಂದು ಜಾಣತನವಿದೆ: ಸಂಸತ್ತಿನ ಕಾಯ್ದೆಯಿಂದ ಬಂದ ಸಾಲುಗಳೆಲ್ಲ ದಪ್ಪ ಅಕ್ಷರದಲ್ಲಿವೆ, ಉಳಿದವು ತೆಳು ಅಕ್ಷರದಲ್ಲಿ. ದಪ್ಪ ಅಕ್ಷರದ್ದನ್ನು ಕೌನ್ಸಿಲ್ ತಿದ್ದುವಂತಿಲ್ಲ, ಒಂದು ಸಂಜೆಯ ಮಟ್ಟಿಗೆ ಅಮಾನತಿನಲ್ಲಿಡುವಂತೆಯೂ ಇಲ್ಲ. ತೆಳು ಅಕ್ಷರದ್ದು ಮನೆಯ ನಿಯಮ. 1972ರ ಲೋಕಲ್ ಗವರ್ನಮೆಂಟ್ ಆ್ಯಕ್ಟ್‌ನ 12ನೇ ಅನುಸೂಚಿ ಕೊಟ್ಟ ಸ್ವಾತಂತ್ರ್ಯದಲ್ಲಿ ಕೌನ್ಸಿಲ್ ತಾನೇ ಮಾಡಿಕೊಂಡಿದ್ದು, ತಾನೇ ಬದಲಿಸಬಹುದು. ನಿಮ್ಮ ಪ್ರತಿಯಲ್ಲಿ ಈ ವ್ಯತ್ಯಾಸ ಅಳಿಸಿಹೋಗಿದ್ದರೆ (ಫೈಲನ್ನು ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಹೀಗಾಗುತ್ತದೆ) ಮಾದರಿಯನ್ನು ಪಕ್ಕದಲ್ಲಿಟ್ಟುಕೊಂಡು ಗೆರೆ ಎಳೆದುಕೊಳ್ಳಿ. ಒಂದು ಸಂಜೆಯ ಕೆಲಸ. ಮೂವತ್ತು ಪುಟದಲ್ಲಿ ನಿಜವಾಗಿ ಕಬ್ಬಿಣದಂಥದ್ದು ಎಷ್ಟು ಕಡಿಮೆ ಎಂದು ಆಗ ಕಾಣುತ್ತದೆ.

ಇನ್ನೊಂದನ್ನೂ ನೋಡಿ. ಮಾದರಿಯಲ್ಲಿ ‘ಗೊತ್ತುವಳಿಗೆ ( ) ದಿನ ಮುಂಚಿತ ನೋಟಿಸ್’, ‘ಸಾರ್ವಜನಿಕರ ಮಾತಿಗೆ ( ) ನಿಮಿಷ’ ಎಂದು ಸಂಖ್ಯೆಯ ಜಾಗ ಖಾಲಿ ಬಿಟ್ಟಿರುತ್ತಾರೆ, ಪ್ರತಿ ಕೌನ್ಸಿಲ್ ತನಗೆ ಬೇಕಾದುದನ್ನು ತುಂಬಿಕೊಳ್ಳಲಿ ಎಂದು. ತುಂಬದೆ ಹಾಗೇ ಅಂಗೀಕರಿಸಿದ ಪ್ರತಿಗಳೂ ಇರುತ್ತವೆ. ಖಾಲಿ ಆವರಣದ ನಿಯಮ ಯಾರನ್ನೂ ಕಟ್ಟಿಹಾಕಲಾರದು. ಅಂಥದ್ದು ಕಂಡರೆ ಗುರುತು ಹಾಕಿಟ್ಟುಕೊಳ್ಳಿ.

ಉಯ್ಯಾಲೆಗೆ ಬರೋಣ. ಪ್ಯಾರಿಷ್ ಕೌನ್ಸಿಲ್ ಸಭೆಗೆ ಮುಂಚೆ ಎರಡು ಕಾಗದ ಹೊರಡಬೇಕು. ಸಭೆಯ ಸಮಯ, ಸ್ಥಳ ತಿಳಿಸುವ ನೋಟಿಸ್ ಊರಿನ ಎದ್ದು ಕಾಣುವ ಜಾಗದಲ್ಲಿ ಅಂಟಬೇಕು. ಕ್ಲರ್ಕ್ ಸಹಿ ಮಾಡಿದ, ಸಭೆಯಲ್ಲಿ ಯಾವ ಯಾವ ವಿಷಯ ಬರುತ್ತದೆ ಎಂದು ನಮೂದಿಸಿದ ಕರೆಪತ್ರ ಪ್ರತಿ ಸದಸ್ಯರಿಗೆ ಮುಟ್ಟಬೇಕು. ನೀವು ಒಪ್ಪಿದ್ದರೆ ಇಮೇಲ್‌ನಲ್ಲಿ ಬರಬಹುದು. ಒಪ್ಪಿಲ್ಲದಿದ್ದರೆ ಕಾಗದದಲ್ಲೇ ಮನೆಗೆ ಬರಬೇಕು. ಎರಡಕ್ಕೂ ಮೂರು ಪೂರ್ಣ ದಿನದ ಗಡುವು.

ಈ ‘ಪೂರ್ಣ ದಿನ’ದಲ್ಲೇ ಹೆಚ್ಚಿನವರು ಎಡವುವುದು. ಕಳಿಸಿದ ದಿನ ಲೆಕ್ಕಕ್ಕಿಲ್ಲ, ಸಭೆಯ ದಿನವೂ ಇಲ್ಲ, ಭಾನುವಾರ ಮತ್ತು ಬ್ಯಾಂಕ್ ರಜೆಗಳೂ ಇಲ್ಲ. ಶನಿವಾರ ಉಂಟು. 2026ರ ಜೂನ್ 16, ಮಂಗಳವಾರ ಸಂಜೆ ಸಭೆ ಎಂದಿಟ್ಟುಕೊಳ್ಳಿ. ಹಿಂದಕ್ಕೆ ಎಣಿಸಿ: ಸೋಮವಾರ 15 ಒಂದು, ಭಾನುವಾರ ಬಿಡಿ, ಶನಿವಾರ 13 ಎರಡು, ಶುಕ್ರವಾರ 12 ಮೂರು. ಅಂದರೆ ಗುರುವಾರ 11ರೊಳಗೆ ಕರೆಪತ್ರ ಹೊರಟಿರಬೇಕು. ‘ಶುಕ್ರವಾರ ಕಳಿಸಿದೆ, ಮಂಗಳವಾರಕ್ಕೆ ನಾಲ್ಕು ದಿನ ಆಯಿತಲ್ಲ’ ಎನ್ನುವ ಕ್ಲರ್ಕ್ ಲೆಕ್ಕ ತಪ್ಪಿದ್ದಾರೆ. ಆದದ್ದು ಎರಡೇ ದಿನ. ಕ್ರಿಸ್‌ಮಸ್, ಈಸ್ಟರ್ ಆಸುಪಾಸಿನಲ್ಲಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಅನುಭವಿ ಕ್ಲರ್ಕ್‌ಗಳು ಈ ಎಣಿಕೆಯ ಗೊಡವೆಯೇ ಬೇಡವೆಂದು ವಾರ ಮೊದಲೇ ಕಳಿಸಿಬಿಡುತ್ತಾರೆ, ಅದೇ ಸರಿ.

ಕರೆಪತ್ರದಲ್ಲಿ ‘ವಿಷಯ ನಮೂದಿಸಬೇಕು’ ಎಂಬ ಮಾತಿನ ಒಳಗೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ನಮೂದಿಸದ ವಿಷಯದ ಮೇಲೆ ಕೌನ್ಸಿಲ್ ಕಾನೂನುಬದ್ಧವಾಗಿ ತೀರ್ಮಾನ ಮಾಡಲಾರದು. ನೂರು ವರ್ಷ ದಾಟಿದ ಲಾಂಗ್‌ಫೀಲ್ಡ್ ಪ್ಯಾರಿಷ್ ಕೌನ್ಸಿಲ್ ವಿರುದ್ಧ ರೈಟ್ ಪ್ರಕರಣವನ್ನು (1918) ಇವತ್ತಿಗೂ ಇದಕ್ಕೇ ಉಲ್ಲೇಖಿಸುತ್ತಾರೆ. ‘ಇತರೆ ವಿಷಯ’, ‘ಹಿಂದಿನ ನಡಾವಳಿಯಿಂದ ಹುಟ್ಟುವ ವಿಷಯ’, ‘ಪತ್ರವ್ಯವಹಾರ’ ಎಂಬ ಶೀರ್ಷಿಕೆಗಳು ಯಾವ ವಿಷಯವನ್ನೂ ನಮೂದಿಸುವುದಿಲ್ಲ. ಅವುಗಳ ಕೆಳಗೆ ಮಾಹಿತಿ ಕೊಡಬಹುದು, ‘ಮುಂದಿನ ಸಭೆಗೆ ಇದನ್ನು ಇಡಿ’ ಎನ್ನಬಹುದು. ದುಡ್ಡು ಮಂಜೂರು ಮಾಡುವಂತಿಲ್ಲ. ಆರು ಜನರಲ್ಲ, ಒಂಬತ್ತೂ ಜನ ಕೂತು ಸರ್ವಾನುಮತದಿಂದ ಪಾಸು ಮಾಡಿದ್ದರೂ ಅಷ್ಟೇ. ಕಾರಣ ಸರಳ: ನೋಟಿಸ್ ಬೋರ್ಡ್ ನೋಡಿ ‘ಇವತ್ತು ನನಗೆ ಸಂಬಂಧಿಸಿದ್ದೇನಿಲ್ಲ’ ಎಂದು ಮನೆಯಲ್ಲುಳಿದ ಮೂವರು ಸದಸ್ಯರು, ಮೈದಾನದ ಪಕ್ಕದ ಮನೆಯವರು, ಇವರೆಲ್ಲರ ಬೆನ್ನ ಹಿಂದೆ ತೀರ್ಮಾನ ಆದಂತಾಯಿತು. ಮತ 3–3 ಇದ್ದ ವಿಷಯದಲ್ಲಿ ಬಾರದ ಆ ಮೂವರೇ ತೂಕ ಬದಲಿಸುತ್ತಿದ್ದರು ಎಂಬುದನ್ನು ಗಮನಿಸಿ.

ಹಾಗೆಂದು ‘ಈ ನಿರ್ಣಯ ಅಸಿಂಧು’ ಎಂದು ನೀವಾಗಲಿ ಕ್ಲರ್ಕ್ ಆಗಲಿ ಘೋಷಿಸಲಾಗದು. ಅದು ನ್ಯಾಯಾಲಯದ ಕೆಲಸ. ಹೈಕೋರ್ಟಿಗೆ ನ್ಯಾಯಿಕ ಪರಿಶೀಲನೆಗೆ ಹೋಗಬೇಕೆಂದರೆ ತಡಮಾಡದೆ, ಹೆಚ್ಚೆಂದರೆ ಮೂರು ತಿಂಗಳೊಳಗೆ ಹೋಗಬೇಕು, ಮತ್ತು ಅದರ ವೆಚ್ಚದಲ್ಲಿ ಇಂಥ ಎಷ್ಟೋ ಉಯ್ಯಾಲೆ ಕೊಳ್ಳಬಹುದು. ಪ್ಯಾರಿಷ್‌ಗಿಂತ ಮೇಲಿನ ಹಂತದ ಜಿಲ್ಲಾ ಅಥವಾ ಯೂನಿಟರಿ ಕೌನ್ಸಿಲ್‌ನ ಮಾನಿಟರಿಂಗ್ ಅಧಿಕಾರಿ ನೋಡುವುದು ಸದಸ್ಯರ ನಡವಳಿಕೆ ಸಂಹಿತೆಯ ದೂರುಗಳನ್ನು, ಸಭೆಯ ವಿಧಾನವನ್ನಲ್ಲ. ಸ್ಥಳೀಯ ಆಡಳಿತದ ಓಂಬುಡ್ಸ್‌ಮನ್ ಸಾಮಾನ್ಯವಾಗಿ ಪ್ಯಾರಿಷ್ ಕೌನ್ಸಿಲ್‌ಗಳ ಮೇಲಿನ ದೂರನ್ನು ಮುಟ್ಟುವುದೇ ಇಲ್ಲ. ಖರ್ಚು ಅಕ್ರಮ ಎನಿಸಿದರೆ ಮತದಾರರೊಬ್ಬರು ವರ್ಷದ ಲೆಕ್ಕಪತ್ರ ಪರಿಶೀಲನೆಗೆ ತೆರೆದಿರುವ 30 ಕೆಲಸದ ದಿನಗಳಲ್ಲಿ ಬಾಹ್ಯ ಲೆಕ್ಕಪರಿಶೋಧಕರ ಮುಂದೆ ಆಕ್ಷೇಪ ಸಲ್ಲಿಸಬಹುದು. ಜುಲೈ ತಿಂಗಳ ಮೊದಲ ಹತ್ತು ಕೆಲಸದ ದಿನಗಳು ಆ ಅವಧಿಯಲ್ಲಿ ಸೇರಿರಲೇಬೇಕು. ಕ್ಲರ್ಕ್ ನಿಮ್ಮ ಮಾತಿಗೆ ಕಿವಿಗೊಡುವುದು ಹೆಚ್ಚಾಗಿ ಈ ಲೆಕ್ಕಪರಿಶೋಧನೆಯ ಭಯಕ್ಕೆ.

ಹಾಗಾದರೆ ಮಾಡಬೇಕಾದ್ದೇನು? ನಿರ್ಣಯವನ್ನು ಹೊಡೆದುಹಾಕುವುದಕ್ಕಿಂತ ಅದನ್ನು ಸರಿಯಾದ ದಾರಿಯಲ್ಲಿ ಮತ್ತೆ ತರಿಸುವುದು ಸುಲಭ. ಉಯ್ಯಾಲೆ ಖರೀದಿಯ ಆರ್ಡರ್ ಇನ್ನೂ ಹೋಗಿಲ್ಲವಾದರೆ ತಡೆಹಿಡಿಯಲು ಕ್ಲರ್ಕ್‌ಗೆ ಇವತ್ತೇ ಬರೆಯಿರಿ, ಅಧ್ಯಕ್ಷರಿಗಲ್ಲ, ಕ್ಲರ್ಕ್‌ಗೆ. ನಮ್ಮ ಗ್ರಾಮ ಪಂಚಾಯಿತಿಯ ಪಿಡಿಒ ಇದ್ದಂತೆ ಇವರು ಕೌನ್ಸಿಲ್‌ನ ಅಧಿಕಾರಿ. ಅಧ್ಯಕ್ಷರ ಆಪ್ತ ಸಹಾಯಕರಲ್ಲ, ಕಾರ್ಯಸೂಚಿಗೆ ಸಹಿ ಮಾಡುವವರೂ ಇವರೇ. ಕಾಗದ ಹೀಗೆ ಇರಲಿ: ‘ಇಂಥ ದಿನದ ಸಭೆಯಲ್ಲಿ ಉಯ್ಯಾಲೆಗೆ 4,200 ಪೌಂಡ್ ಮಂಜೂರಾಯಿತು. ಇದು ಕರೆಪತ್ರದಲ್ಲಿ ನಮೂದಾಗಿರಲಿಲ್ಲ. ಮುಂದಿನ ಸಭೆಯ ಕಾರ್ಯಸೂಚಿಗೆ ಇದನ್ನು ಸ್ಪಷ್ಟವಾಗಿ ಸೇರಿಸಿ, ಅಲ್ಲಿ ತೀರ್ಮಾನ ಆಗುವವರೆಗೆ ಆರ್ಡರ್ ಕೊಡಬೇಡಿ ಎಂದು ಕೋರುತ್ತೇನೆ.’ ಕೋಪದ ಮಾತು ಒಂದೂ ಬೇಡ. ನಾಳೆ ಈ ಕಾಗದವನ್ನೇ ಲೆಕ್ಕಪರಿಶೋಧಕರು ಓದಬಹುದು.

ಗೊತ್ತುವಳಿಯನ್ನು ನೀವೇ ಕೊಡುವುದಾದರೆ ಬರವಣಿಗೆಯಲ್ಲಿ, ನಿಮ್ಮ ಸ್ಟ್ಯಾಂಡಿಂಗ್ ಆರ್ಡರ್ಸ್ ಹೇಳಿದಷ್ಟು ಪೂರ್ಣ ದಿನ ಮುಂಚೆ ಕ್ಲರ್ಕ್ ಕೈಗೆ ಮುಟ್ಟಬೇಕು. ಮಾದರಿಯ ಪ್ರಕಾರ ಕ್ಲರ್ಕ್ ಕಾಗುಣಿತ, ವ್ಯಾಕರಣದ ತಪ್ಪು ತಿದ್ದಬಹುದು. ಅರ್ಥವೇ ಆಗದಿದ್ದರೆ ವಾಪಸ್ ಕಳಿಸುತ್ತಾರೆ. ಸೇರಿಸುವುದೋ ಬಿಡುವುದೋ ಎಂಬ ಕೊನೆಯ ಮಾತೂ ಅವರದೇ. ಆದ್ದರಿಂದ ವಾಪಸ್ ಕಳಿಸಲು ನೆಪ ಕೊಡದಂತೆ ಬರೆಯಿರಿ. ‘ಉಯ್ಯಾಲೆ ಬಗ್ಗೆ ಚರ್ಚೆ’ ಎಂದು ಬರೆದರೆ ಚರ್ಚೆಯೇ ಆಗುತ್ತದೆ, ತೀರ್ಮಾನ ಆಗುವುದಿಲ್ಲ. ಹೀಗೆ ಬರೆಯಿರಿ: ‘ಆಟದ ಮೈದಾನದ ಎರಡು ಸೀಟಿನ ಉಯ್ಯಾಲೆಯನ್ನು ಬದಲಿಸುವ ಪ್ರಸ್ತಾವವನ್ನು, ಸುರಕ್ಷತಾ ತಪಾಸಣೆಯ ವರದಿ ಮತ್ತು ಪಡೆದ ದರಪಟ್ಟಿಗಳೊಂದಿಗೆ ಪರಿಶೀಲಿಸುವುದು, 4,200 ಪೌಂಡ್ ಮೀರದ ವೆಚ್ಚಕ್ಕೆ ಒಪ್ಪಿಗೆ ಕೊಡಬೇಕೇ ಎಂದು ತೀರ್ಮಾನಿಸುವುದು. ಅಧಿಕಾರ: 1976ರ ಲೋಕಲ್ ಗವರ್ನಮೆಂಟ್ (ಮಿಸಲೇನಿಯಸ್ ಪ್ರಾವಿಷನ್ಸ್) ಆ್ಯಕ್ಟ್, ಸೆಕ್ಷನ್ 19.’

ಆ ಕೊನೆಯ ಸಾಲು ಅಲಂಕಾರಕ್ಕಲ್ಲ. ಪ್ಯಾರಿಷ್ ಕೌನ್ಸಿಲ್ ಒಂದು ಪೌಂಡ್ ಖರ್ಚು ಮಾಡಬೇಕಾದರೂ ಯಾವುದಾದರೂ ಕಾಯ್ದೆ ಅದಕ್ಕೆ ಅಧಿಕಾರ ಕೊಟ್ಟಿರಬೇಕು. ಮೂರನೇ ಎರಡು ಭಾಗ ಸದಸ್ಯರು ಚುನಾವಣೆಗೆ ನಿಂತು ಬಂದವರಾಗಿ, ಕ್ಲರ್ಕ್ ನಿಗದಿತ ಅರ್ಹತೆ ಪಡೆದಿದ್ದರೆ, 2011ರ ಲೋಕಲಿಸಂ ಆ್ಯಕ್ಟ್‌ನ ಸಾಮಾನ್ಯ ಅಧಿಕಾರವನ್ನು (ಪ್ರತಿ ಖರ್ಚಿಗೂ ಬೇರೆ ಕಾಯ್ದೆ ಹುಡುಕಬೇಕಿಲ್ಲದ ಅಧಿಕಾರ) ಕೌನ್ಸಿಲ್ ನಿರ್ಣಯದ ಮೂಲಕ ಪಡೆದುಕೊಳ್ಳಬಹುದು. ಕೋ-ಆಪ್ಟ್ ಆಗಿ ಬಂದವರು ಆ ಮೂರನೇ ಎರಡರ ಲೆಕ್ಕಕ್ಕೆ ಸೇರುವುದಿಲ್ಲ, ನೀವೂ ಸೇರಿದಂತೆ. ಅಂಥ ಅಧಿಕಾರ ಇಲ್ಲದ ಕೌನ್ಸಿಲ್‌ನಲ್ಲಿ ಸೆಕ್ಷನ್ ಸಂಖ್ಯೆ ಬರೆಯುವ ಅಭ್ಯಾಸ ಒಳ್ಳೆಯದು.

ಆರು ತಿಂಗಳ ತಡೆ? ಮಾದರಿಯಲ್ಲಿರುವುದು ‘ನಿರ್ಣಯವನ್ನು ಆರು ತಿಂಗಳೊಳಗೆ ರದ್ದುಪಡಿಸುವಂತಿಲ್ಲ’ ಎಂಬ ತೆಳು ಅಕ್ಷರದ ನಿಯಮ. ಅದರಲ್ಲೇ ಎರಡು ಬಾಗಿಲು ತೆರೆದಿವೆ: ನಿಗದಿತ ಸಂಖ್ಯೆಯ ಸದಸ್ಯರು ಸಹಿ ಮಾಡಿ ಕೊಡುವ ವಿಶೇಷ ಗೊತ್ತುವಳಿ, ಇಲ್ಲವೇ ಸಮಿತಿಯೊಂದರ ಶಿಫಾರಸು. ನಿಮ್ಮ ಪುಸ್ತಕದಲ್ಲಿ ಎಷ್ಟು ಸಹಿ ಬೇಕೆಂದು ನೋಡಿಕೊಳ್ಳಿ. ಮೂರು ಮತ ನಿಮ್ಮ ಕಡೆ ಆಗಲೇ ಇದ್ದವು. ಈ ದಾರಿಯಲ್ಲಿ ತಂದು ಸೋತರೆ ಮತ್ತೆ ಆರು ತಿಂಗಳು ಬಾಗಿಲು ಮುಚ್ಚುತ್ತದೆ ಎಂಬುದೂ ನೆನಪಿರಲಿ. ಆದರೆ ನಿಮ್ಮ ಗೊತ್ತುವಳಿ ರದ್ದತಿಯದಲ್ಲ, ನಮೂದಾಗದೇ ಹೋದ ವಿಷಯವನ್ನು ಮೊದಲ ಬಾರಿಗೆ ಸರಿಯಾಗಿ ತೀರ್ಮಾನಿಸುವುದು. ಕಾಯ್ದೆ ಒಪ್ಪದ ತೀರ್ಮಾನಕ್ಕೆ ಮನೆಯ ನಿಯಮ ಕೊಡೆ ಹಿಡಿಯಲಾಗದು.

ಮತದಾನ. ಕೋರಂ ಮೂರನೇ ಒಂದು, ಆದರೆ ಮೂವರಿಗಿಂತ ಕಡಿಮೆಯಿಲ್ಲ. ಒಂಬತ್ತರಲ್ಲಿ ಮೂರು, ಹತ್ತಾದರೆ ನಾಲ್ಕು, ಹದಿಮೂರಾದರೆ ಐದು. ಭಿನ್ನರಾಶಿ ಬಂದರೆ ಮೇಲಕ್ಕೇ. ಬಹುಮತ ಎಂದರೆ ಹಾಜರಿದ್ದು ಮತ ಹಾಕಿದವರ ಬಹುಮತ. ಆರು ಜನರಲ್ಲಿ ಇಬ್ಬರು ಪರ, ಒಬ್ಬರು ವಿರೋಧ, ಮೂವರು ತಟಸ್ಥ ಎಂದಾದರೆ ಗೊತ್ತುವಳಿ ಪಾಸು. ತಟಸ್ಥರಾಗಿ ಕೂತು ಆಮೇಲೆ ‘ನಾವು ಒಪ್ಪಿರಲಿಲ್ಲ’ ಎನ್ನುವವರಿಗೆ ಇದು ತಿಳಿದಿರುವುದಿಲ್ಲ. ಸಮಬಲವಾದಾಗ ಸಭೆ ನಡೆಸುವವರಿಗೆ ಎರಡನೇ, ಅಂದರೆ ನಿರ್ಣಾಯಕ ಮತ ಉಂಟು ಎಂದು 12ನೇ ಅನುಸೂಚಿಯ 39ನೇ ಪ್ಯಾರಾವೇ ಹೇಳುತ್ತದೆ. ಮೊದಲ ಮತಕ್ಕೆ ವ್ಯತಿರಿಕ್ತವಾಗಿಯೂ ಹಾಕಬಹುದು, ಹಾಕದೆಯೂ ಇರಬಹುದು. ಹಾಕದಿದ್ದರೆ ಗೊತ್ತುವಳಿ ಬಿದ್ದುಹೋಗುತ್ತದೆ. ‘ನಿರ್ಣಾಯಕ ಮತ ಇದ್ದ ಸ್ಥಿತಿಯ ಪರವಾಗಿರಬೇಕು’ ಎಂಬುದು ಚೆಂದದ ಸಂಪ್ರದಾಯ, ಕಾನೂನಲ್ಲ. ಮೇ ತಿಂಗಳ ವಾರ್ಷಿಕ ಸಭೆಯಲ್ಲಿ ಮೊದಲ ಕೆಲಸವೇ ಅಧ್ಯಕ್ಷರ ಆಯ್ಕೆ. ಅಲ್ಲಿ ಸಮಬಲವಾದರೆ ಮಾತ್ರ ನಿರ್ಣಾಯಕ ಮತ ಹಾಕಲೇಬೇಕು.

ನಿಮಗೆ ಉಪಯೋಗವಾಗುವ ಒಂದು ಹಕ್ಕು ಇದೇ ಅನುಸೂಚಿಯ 13ನೇ ಪ್ಯಾರಾದಲ್ಲಿದೆ. ಕೈ ಎತ್ತಿ ಮತ ಹಾಕುವ ಸಭೆಯಲ್ಲಿ ಯಾವ ಸದಸ್ಯರಾದರೂ ಕೇಳಿದರೆ, ಯಾರು ಪರ, ಯಾರು ವಿರೋಧ ಎಂದು ಹೆಸರು ಸಮೇತ ನಡಾವಳಿಯಲ್ಲಿ ದಾಖಲಿಸಲೇಬೇಕು. ಅನುಮೋದಕರು ಬೇಡ, ಅಧ್ಯಕ್ಷರ ಒಪ್ಪಿಗೆ ಬೇಡ. ‘ಹೆಸರು ಸಮೇತ ದಾಖಲಿಸಿ’ ಎಂದರೆ ಸಾಕು. ಮತಕ್ಕೆ ಮುಂಚೆಯೇ ಕೇಳಿ. ಕೈ ಇಳಿದ ಮೇಲೆ ಯಾರದು ಎಲ್ಲಿತ್ತು ಎಂಬ ವಾದ ಹುಟ್ಟುತ್ತದೆ.

ವಾಟ್ಸ್ಆ್ಯಪ್ ಬಗ್ಗೆ: ಕೌನ್ಸಿಲ್ ತನ್ನ ಅಧಿಕಾರವನ್ನು 1972ರ ಕಾಯ್ದೆಯ ಸೆಕ್ಷನ್ 101ರಡಿ ಸಮಿತಿಗೆ, ಉಪಸಮಿತಿಗೆ, ಅಧಿಕಾರಿಗೆ ಅಥವಾ ಇನ್ನೊಂದು ಸ್ಥಳೀಯ ಸಂಸ್ಥೆಗೆ ವಹಿಸಬಹುದು. ಒಬ್ಬ ಸದಸ್ಯರಿಗೆ ವಹಿಸುವಂತಿಲ್ಲ, ಅಧ್ಯಕ್ಷರಾದರೂ ಸರಿ. ‘ಒಬ್ಬರದೇ ಸಮಿತಿ’ ಎಂಬ ಅಡ್ಡದಾರಿಯನ್ನು ಹಿಲಿಂಗ್‌ಡನ್ ಪ್ರಕರಣದಲ್ಲಿ (1986) ನ್ಯಾಯಾಲಯ ಮುಚ್ಚಿಬಿಟ್ಟಿತು. ಇನ್ನು ಗುಂಪಿನಲ್ಲಿ ಒಂಬತ್ತು ಹೆಬ್ಬೆರಳು ಬಿದ್ದರೂ ಅದು ಸಭೆಯಲ್ಲ: ಕರೆಪತ್ರವಿಲ್ಲ, ನೋಟಿಸಿಲ್ಲ, ಬಾಗಿಲಲ್ಲಿ ಸಾರ್ವಜನಿಕರಿಲ್ಲ. ತುರ್ತಿದ್ದರೆ ಕಾನೂನೊಪ್ಪುವ ದಾರಿ ಇದೆ. ‘ಇಷ್ಟು ಪೌಂಡ್‌ವರೆಗೆ ಅಧ್ಯಕ್ಷರೊಂದಿಗೆ ಸಮಾಲೋಚಿಸಿ ಕ್ಲರ್ಕ್ ತೀರ್ಮಾನಿಸಬಹುದು’ ಎಂದು ಮೊದಲೇ ನಿರ್ಣಯಿಸಿ ಹಣಕಾಸು ನಿಯಮದಲ್ಲಿ ಬರೆದಿಡುವುದು. ಅಲ್ಲಿ ತೀರ್ಮಾನ ಕ್ಲರ್ಕ್‌ದು, ಸಮಾಲೋಚನೆ ಮಾತ್ರ ಅಧ್ಯಕ್ಷರದು. ನಿಮ್ಮ ಉಯ್ಯಾಲೆಯ ಸರಪಳಿ ತುಂಡಾಗಿ ಮಕ್ಕಳಿಗೆ ಅಪಾಯವಿದ್ದರೆ ಕ್ಲರ್ಕ್ ಅದೇ ದಿನ ಅದನ್ನು ಕಳಚಿಸಿ ಬೇಲಿ ಹಾಕಿಸಬಹುದು. ಹೊಸದು ಕೊಳ್ಳಲು ಮೂರು ಪೂರ್ಣ ದಿನ ಕಾಯುವುದರಿಂದ ನಷ್ಟವೇನಿಲ್ಲ.

ಹಾಗೆ ಕಾಯಲು ಮುಂದಿನ ಸಾಮಾನ್ಯ ಸಭೆಯೇ ಬೇಕೆಂದಿಲ್ಲ. ಅಧ್ಯಕ್ಷರು ಯಾವಾಗ ಬೇಕಾದರೂ ವಿಶೇಷ ಸಭೆ ಕರೆಯಬಹುದು. ಇಬ್ಬರು ಸದಸ್ಯರು ಲಿಖಿತವಾಗಿ ಕೋರಿದ ಮೇಲೆ ಅಧ್ಯಕ್ಷರು ನಿರಾಕರಿಸಿದರೆ, ಅಥವಾ ಏಳು ದಿನದೊಳಗೆ ಕರೆಯದಿದ್ದರೆ, ಯಾವುದೇ ಇಬ್ಬರು ಸದಸ್ಯರು ತಾವೇ ಕರೆಯಬಹುದು. ಚೆಷರ್‌ನ ಹ್ಯಾಂಡ್‌ಫೋರ್ತ್ ಪ್ಯಾರಿಷ್ ಕೌನ್ಸಿಲ್‌ನ ಝೂಮ್ ಸಭೆಯ ವಿಡಿಯೊ ನೀವು ನೋಡಿಯೇ ಇರುತ್ತೀರಿ: 2020ರ ಡಿಸೆಂಬರ್‌ನಲ್ಲಿ ನಡೆದದ್ದು, 2021ರ ಫೆಬ್ರವರಿಯಲ್ಲಿ ಲೋಕವೆಲ್ಲ ಹರಿದಾಡಿತು. ಸ್ಟ್ಯಾಂಡಿಂಗ್ ಆರ್ಡರ್ಸ್ ಓದಿ ಎಂಬ ಕಿರುಚಾಟ ನಗೆಗೀಡಾಯಿತು, ಆದರೆ ಅಡಿಯಲ್ಲಿದ್ದ ಪ್ರಶ್ನೆ ನಗುವಂಥದ್ದಲ್ಲ: ಆ ಸಭೆ ಸರಿಯಾಗಿ ಕರೆದದ್ದೇ, ಸದಸ್ಯರನ್ನು ಹೊರಹಾಕುವ ಅಧಿಕಾರ ಯಾರಿಗಿತ್ತು? ಮಾದರಿ ನಿಯಮದಲ್ಲಿ ಇದಕ್ಕೆ ಕ್ರಮ ಇದೆ. ಗಲಾಟೆ ಮಾಡುವವರಿಗೆ ಅಧ್ಯಕ್ಷರು ಮೊದಲು ಸುಮ್ಮನಿರಲು ಹೇಳಬೇಕು. ಕೇಳದಿದ್ದರೆ ‘ಇವರ ಮಾತು ಇನ್ನು ಕೇಳುವುದು ಬೇಡ’ ಅಥವಾ ‘ಇವರು ಹೊರಹೋಗಲಿ’ ಎಂದು ಯಾರಾದರೂ ಗೊತ್ತುವಳಿ ಮಂಡಿಸಿ, ಇನ್ನೊಬ್ಬರು ಅನುಮೋದಿಸಿ, ಚರ್ಚೆಯಿಲ್ಲದೆ ಮತಕ್ಕೆ ಹಾಕಬೇಕು. ಅದನ್ನೂ ಧಿಕ್ಕರಿಸಿದರೆ ಅಧ್ಯಕ್ಷರು ಸಭೆಯನ್ನು ನಿಲ್ಲಿಸಬಹುದು ಅಥವಾ ಮುಗಿಸಬಹುದು. ಹೊರಹಾಕುವುದು ಸಭೆ, ಅಧ್ಯಕ್ಷರೂ ಅಲ್ಲ, ಕ್ಲರ್ಕ್ ಕೂಡ ಅಲ್ಲ.

ಚರ್ಚೆಯ ನಡುವೆ ನಿಮ್ಮ ಗೊತ್ತುವಳಿಗೆ ತಿದ್ದುಪಡಿ ಬರಬಹುದು. ತಿದ್ದುಪಡಿ ಪದ ತೆಗೆಯಬಹುದು, ಸೇರಿಸಬಹುದು. ಗೊತ್ತುವಳಿಯನ್ನೇ ತಲೆಕೆಳಗು ಮಾಡುವಂತಿಲ್ಲ. ‘4,200 ತೆಗೆದು 3,500 ಹಾಕಿ’ ಎಂಬುದು ತಿದ್ದುಪಡಿ. ‘ಕೊಡಬಾರದು’ ಎಂಬುದು ತಿದ್ದುಪಡಿಯಲ್ಲ, ಅಂಥವರು ವಿರುದ್ಧ ಮತ ಹಾಕಲಿ. ತಿದ್ದುಪಡಿ ಗೆದ್ದರೆ ಅದೇ ಮೂಲ ಗೊತ್ತುವಳಿಯಾಗುತ್ತದೆ. ಅದನ್ನು ಮತ್ತೊಮ್ಮೆ ಮತಕ್ಕೆ ಹಾಕಬೇಕು. ಸಣ್ಣ ಕೌನ್ಸಿಲ್‌ಗಳು ಈ ಎರಡನೇ ಮತವನ್ನೇ ಮರೆತುಬಿಡುತ್ತವೆ, ಆಗ ನಡಾವಳಿಯಲ್ಲಿ ತಿದ್ದುಪಡಿ ಒಂದೇ ಉಳಿದು ತೀರ್ಮಾನವೇ ಇಲ್ಲದಂತಾಗುತ್ತದೆ.

ಇದಕ್ಕೂ ಮುಂಚೆ ಒಂದು ಸಲ ಕೇಳಿಕೊಳ್ಳಿ, ನಿಮಗಾಗಲಿ ನಿಮ್ಮ ಸಂಗಾತಿಗಾಗಲಿ ಈ ವಿಷಯದಲ್ಲಿ ಹಣದ ಆಸಕ್ತಿ ಇದೆಯೇ ಎಂದು. ಉದ್ಯೋಗ, ಆಸ್ತಿ, ಗುತ್ತಿಗೆ ಮುಂತಾದವನ್ನು ಸ್ಥಾನ ವಹಿಸಿಕೊಂಡ 28 ದಿನದೊಳಗೆ ಮಾನಿಟರಿಂಗ್ ಅಧಿಕಾರಿಗೆ ತಿಳಿಸಿರಬೇಕು. ಅಂಥ ಆಸಕ್ತಿಯಿರುವ ವಿಷಯದಲ್ಲಿ ವಿನಾಯಿತಿ ಪಡೆಯದೆ ಮಾತಾಡುವುದೂ ಮತ ಹಾಕುವುದೂ ಲೋಕಲಿಸಂ ಆ್ಯಕ್ಟ್ ಪ್ರಕಾರ ಅಪರಾಧ. ದಂಡದ ಜೊತೆ ಐದು ವರ್ಷದವರೆಗೆ ಅನರ್ಹತೆಯೂ ಆಗಬಹುದು. ಎರಡು ತಿಂಗಳ ಕೌನ್ಸಿಲ್ ಟ್ಯಾಕ್ಸ್ ಬಾಕಿ ಇರುವವರು ಪ್ರಿಸೆಪ್ಟ್ ತೀರ್ಮಾನದ ಸಭೆಯಲ್ಲಿ ಅದನ್ನು ಹೇಳಿಕೊಂಡು ಮತದಿಂದ ದೂರ ಉಳಿಯಬೇಕು; ಹಳ್ಳಿಯಲ್ಲಿ ಮುಜುಗರದ ಸಂಗತಿಯೇ, ಆದರೆ 1992ರ ಕಾಯ್ದೆಯಿದು.

ನಡಾವಳಿ ಓದಿ ದೃಢೀಕರಿಸುವಾಗ ನೀವು ಎತ್ತಬಹುದಾದ್ದು ಒಂದೇ ಪ್ರಶ್ನೆ, ‘ನಡೆದದ್ದು ಹೀಗೆಯೇ?’. ತೀರ್ಮಾನ ತಪ್ಪು ಎಂಬ ವಾದಕ್ಕೆ ಅದು ಜಾಗವಲ್ಲ. ಆದರೆ ಉಯ್ಯಾಲೆಯ ತೀರ್ಮಾನವನ್ನು ಬೇರೆ ಯಾವುದೋ ಶೀರ್ಷಿಕೆಯಡಿ ತೂರಿಸಿದ್ದಾರೆಯೇ, 3–3 ಮತ್ತು ನಿರ್ಣಾಯಕ ಮತ ಎಂಬುದು ಇದೆಯೇ ಎಂದು ಕಣ್ಣಿಟ್ಟು ನೋಡಿ, ಇಲ್ಲದಿದ್ದರೆ ತಿದ್ದಿಸಿ. ಬಿಡಿ ಹಾಳೆಗಳಾದರೆ ಅಧ್ಯಕ್ಷರು ಪ್ರತಿ ಪುಟಕ್ಕೂ ಇನಿಶಿಯಲ್ ಹಾಕಬೇಕು. ಅಂದಹಾಗೆ ಸಭೆಯನ್ನು ರೆಕಾರ್ಡ್ ಮಾಡಲು 2014ರ ನಿಯಮಗಳಿಂದ ಸಾರ್ವಜನಿಕರಿಗೆ ಹಕ್ಕಿದೆ. ಸಾರ್ವಜನಿಕರಿಗೆ ಮಾತಾಡುವ ಹಕ್ಕು ಮಾತ್ರ ಕಾನೂನಿಂದ ಬಂದದ್ದಲ್ಲ, ಕೌನ್ಸಿಲ್ ತನ್ನ ನಿಯಮದಲ್ಲಿ ಕೊಟ್ಟಷ್ಟೇ.

ಕೊನೆಗೆ ಮೈಸೂರು. ಭಾರತದ ಪೌರರಾಗಿ, ಕಾಮನ್‌ವೆಲ್ತ್ ದೇಶದವರಾಗಿ, ಕಾಯಂ ವಾಸದ ಪರವಾನಗಿಯೊಂದಿಗೆ ನೀವು ಸದಸ್ಯರಾಗಿರುವುದಕ್ಕೆ ಅಡ್ಡಿಯಿಲ್ಲ. ಅಡ್ಡಿ ಗೈರುಹಾಜರಿಯದು. ನೀವು ಕೊನೆಯದಾಗಿ ಹಾಜರಾದ ಸಭೆಯಿಂದ ಸತತ ಆರು ತಿಂಗಳು ಯಾವ ಸಭೆಗೂ ಬಾರದಿದ್ದರೆ ಸ್ಥಾನ ತಾನಾಗಿ ಹೋಗುತ್ತದೆ (1972ರ ಕಾಯ್ದೆಯ ಸೆಕ್ಷನ್ 85). ಯಾರೂ ತೆಗೆದುಹಾಕಬೇಕಿಲ್ಲ, ಆಮೇಲೆ ಕ್ಷಮಿಸಿ ಉಳಿಸಿಕೊಳ್ಳಲೂ ಬರುವುದಿಲ್ಲ. ಕೌನ್ಸಿಲ್ ಕಾರಣವನ್ನು ಒಪ್ಪಿ ನಿರ್ಣಯ ಮಾಡಿದರೆ ಉಳಿಯುತ್ತದೆ, ಆದರೆ ಆ ನಿರ್ಣಯ ಆರು ತಿಂಗಳು ಮುಗಿಯುವ ಮುಂಚೆಯೇ ಆಗಿರಬೇಕು. ‘ಕ್ಷಮಾಪಣೆ ಸ್ವೀಕರಿಸಲಾಯಿತು’ ಎಂಬ ಮಾಮೂಲಿ ಸಾಲು ಸಾಲದು. ‘ಇಂಥವರ ಗೈರುಹಾಜರಿಯ ಕಾರಣವನ್ನು ಸೆಕ್ಷನ್ 85ರ ಉದ್ದೇಶಕ್ಕೆ ಅನುಮೋದಿಸುವುದು’ ಎಂದು ಕಾರ್ಯಸೂಚಿಯಲ್ಲೇ ನಮೂದಾಗಿರಬೇಕು; ಇಲ್ಲದಿದ್ದರೆ ಅದಕ್ಕೂ ಉಯ್ಯಾಲೆಯ ಗತಿಯೇ. ಮೈಸೂರಿನಿಂದ ಝೂಮ್‌ನಲ್ಲಿ ಸೇರಿಕೊಂಡರೆ ಹಾಜರಿಯಾಗದು. ಕೊರೊನಾ ಕಾಲದ ಆನ್‌ಲೈನ್ ಸಭೆಯ ಅವಕಾಶ 2021ರ ಮೇ ತಿಂಗಳಿಗೆ ಮುಗಿಯಿತು, ಹಾಜರಿ ಎಂದರೆ ಖುದ್ದು ಇರುವುದು ಎಂದು ಹೈಕೋರ್ಟ್ ಆಗಲೇ ಹೇಳಿದೆ. ಸಮಿತಿ ಸಭೆಗೆ ಬಂದರೂ ಹಾಜರಿ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಟಿಕೆಟ್ ತೆಗೆಯುವ ಮುಂಚೆ ಹೊರಡುವ ವಾರದಲ್ಲಿ ಯಾವ ಸಮಿತಿ ಸಭೆ ಇದೆ ಎಂದು ಕ್ಲರ್ಕ್ ಅವರನ್ನು ಕೇಳಿ. ಅಲ್ಲಿ ಕೂತು ಎದ್ದರೂ ಆರು ತಿಂಗಳು ಹೊಸದಾಗಿ ಶುರುವಾಗುತ್ತದೆ.